ಜೀಪಿನಲ್ಲಿ ಜ್ವಾಲಾಮುಖಿಯನ್ನು ನೋಡಹೋದುದು

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಭೂಗೋಳವನ್ನು ನಮ್ಮಿಂದಲೇ ಕಲಿತವರು. ಆದಕಾರಣ ನಮ್ಮದೊಂದು ತಪ್ಪನ್ನು ಈ ಸಂಚಿಕೆಯಲ್ಲಿ ಅವರ ಮುಂದೆಯೇ ಒಪ್ಪಿಕೊಳ್ಳುವುದು ಯುಕ್ತವೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು, "ಅಮ್ಮನವರೇ, ನಮ್ಮ ಸೀಮೆಯಲ್ಲಿ ಹಿಂದೆ ಜ್ವಾಲಾಮುಖಿ ಇತ್ತೇ?" ಎಂದು ಕೇಳಿದಳು. "ಅದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ, ಇಲ್ಲಿ ಎಂದೂ ಇರಲಿಲ್ಲ, ಕುಳಿತುಕೋ" ಎಂದೆವು. ಆಕೆ ಕುಳಿತಳು; ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಮೈಸೂರಿನಲ್ಲಿ ಭೂವಿಜ್ಞಾನವನ್ನು ಓದಿ ಈಗ ಅದನ್ನೇ ಬೋಧಿಸುತ್ತಿರುವಳು.

ಕಳೆದ ಬೇಸಗೆಯಲ್ಲಿ ಆಕೆ ಜಾವಾದ್ವೀಪದ ಬ್ರೋಮೋ ಪರ್ವತವನ್ನು ನೋಡಿ ಬಂದಳು. ಅಲ್ಲಿ ಜೀಪುಗಳು ಕಪ್ಪು ಮರಳಿನ ಬಯಲನ್ನು ದಾಟಿ ಪ್ರವಾಸಿಗರನ್ನು ಹೊಗೆಯುಗುಳುವ ಬೆಟ್ಟದ ಬುಡದವರೆಗೆ ಒಯ್ಯುತ್ತವಂತೆ. ಇದನ್ನು ಕೇಳಿದ ನಮ್ಮ ಬಾಲಿಕೆಯರು ಆಕೆಯನ್ನು ಮುತ್ತಿಕೊಂಡರು. "ನಮ್ಮ ಜ್ವಾಲಾಮುಖಿಯನ್ನೂ ಜೀಪಿನಲ್ಲಿಯೇ ತೋರಿಸುವೆನು, ಅಮ್ಮನವರೂ ಬರಬೇಕು" ಎಂದಳು. ತಂದೆತಾಯಿಗಳ ಒಪ್ಪಿಗೆಪತ್ರಗಳು ಬಂದ ಮೇಲೆ, ಎರಡು ಜೀಪುಗಳಲ್ಲಿ ಹತ್ತು ಮಂದಿ ಬಾಲಿಕೆಯರೊಡನೆ, ಪ್ರಾರ್ಥನೆ ಮುಗಿಸಿ ಶ್ರೀರಂಗಪಟ್ಟಣವನ್ನು ಬಿಟ್ಟೆವು.

ಪಾಂಡವಪುರದ ಬಳಿ ಕುಂತಿಬೆಟ್ಟ ಕಂಡೊಡನೆ, "ಇದೇ ಅಲ್ಲವೇ?" ಎಂದೆವು. ಅಲ್ಲವಂತೆ. ಅದು ಗ್ರಾನೈಟು. ಕರಗಿದ ಶಿಲೆಯು ಭೂಮಿಯೊಳಗೇ ಮೆಲ್ಲಮೆಲ್ಲನೆ ಆರಿದುದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ಬೆಳೆದಿವೆ. ಮೇಲಿನ ಹೊದಿಕೆ ಸವೆದ ಬಳಿಕ ಅದು ಹೊರಬಿದ್ದಿದೆ. ನಾವು ಸುಮ್ಮನಾದೆವು.

ನಾಗಮಂಗಲದ ಸೀಮೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಬಂಡಿಜಾಡಿಗೆ ಇಳಿದ ಮೇಲೆ ನಮ್ಮ ಎಲುಬುಗಳು ಎಷ್ಟೆಂಬ ಲೆಕ್ಕ ನಮಗೆ ಸಿಕ್ಕಿತು. ಕೊರಕಲೊಂದರಲ್ಲಿ ಹಿಂದಿನ ಗಾಲಿ ಹೂತು ಜೀಪು ಒಂದು ಮಗ್ಗುಲಿಗೆ ವಾಲಿತು. ನಾವು ಕಣ್ಣು ಮುಚ್ಚಿ ದೇವರನ್ನು ನೆನೆದೆವು. ಆಗ ಬಾಲಿಕೆಯರು ನಗುತ್ತಿದ್ದರೆಂದು ಆಮೇಲೆ ತಿಳಿಯಿತು. ಎಲ್ಲರೂ ಇಳಿದು, ಸುತ್ತಲಿನ ಕಲ್ಲುಗಳನ್ನು ಆಯ್ದು ಗಾಲಿಯ ಕೆಳಗೆ ಇಟ್ಟೆವು. ಚಾಲಕನು ನಾಲ್ಕು ಗಾಲಿಗಳಿಗೂ ಬಲವನ್ನು ಕೊಡುವ ಗೇರನ್ನು ಹಾಕಿ ಮೇಲೆಬ್ಬಿಸಿದನು.

"ಜ್ವಾಲಾಮುಖಿ ಇನ್ನೆಷ್ಟು ದೂರವಮ್ಮಾ?" ಎಂದೆವು.

"ಅಮ್ಮನವರ ಕೈಯಲ್ಲಿಯೇ ಇದೆ" ಎಂದಳು.

ನಮ್ಮ ಕೈಯಲ್ಲಿ ಉಳಿದಿದ್ದುದು ಕಪ್ಪುಹಸುರಿನ, ಗಾತ್ರಕ್ಕೆ ಮೀರಿದ ತೂಕದ ಒಂದು ಕಲ್ಲು. ನಾಗಮಂಗಲ, ಕೃಷ್ಣರಾಜಪೇಟೆಗಳ ಸೀಮೆಯಲ್ಲಿ ಹಾಯ್ದಿರುವ ಷಿಸ್ಟ್ ಶಿಲಾಪಟ್ಟಿಗಳಲ್ಲಿ ಇಂಥವು ದೊರೆಯುತ್ತವೆ. 250 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾ, ಆಮೇಲೆ ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರ ಹೊಂದಿದುದು ಇದು. ಬೆಟ್ಟವೂ ಬಾಯಿಯೂ ಎಂದೋ ಸವೆದುಹೋದುವು. ಚಿತ್ರದುರ್ಗದ ಕಡೆಯ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿರುವುದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

"ಅಂದು ಕುಳಿತುಕೋ ಎಂದುದು ತಪ್ಪಾಯಿತು" ಎಂದು ಬಾಲಿಕೆಯರೆದುರಿನಲ್ಲಿಯೇ ಹೇಳಿದೆವು. ಆಕೆ ಏನೂ ಹೇಳದೆ, ಸುತ್ತಿಗೆಯಿಂದ ಮತ್ತೊಂದು ಕಲ್ಲನ್ನು ಒಡೆದು ಬಾಲಿಕೆಯೊಬ್ಬಳ ಕೈಗೆ ಕೊಟ್ಟಳು.

ಆ ಕಲ್ಲು ಈಗ ನಮ್ಮ ಮೇಜಿನ ಮೇಲಿದೆ. ಇನ್ನೆಷ್ಟು ಮಂದಿಯನ್ನು ಹಾಗೆ ಕುಳ್ಳಿರಿಸಿದೆವೋ ನೆನಪಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ಅಂದಿನ ತಮ್ಮ ಪ್ರಶ್ನೆಯನ್ನು ಬರೆದು ಕಳುಹಿಸಬೇಕಾಗಿ ಕೋರುತ್ತೇವೆ.