ಬಿಸಿಲಿನ ಗಾಯ, ಬೆಳಕಿನ ಮದ್ದು

ಶಿರಾ ಸೀಮೆಯ ಬರಗೂರಿನ ಹೆಸರನ್ನು ಕೇಳಿದೊಡನೆ ಕೆಲವರ ಕಿವಿಗೆ ‘ಬರ’ ಎಂಬ ಮಾತು ಬೀಳುತ್ತದೆ. ಬೇಸಾಯ ಬಲ್ಲವರಿಗೆ ‘ಬರಗು’ ಎಂಬ ಕಿರುಧಾನ್ಯದ ನೆನಪಾಗುತ್ತದೆ. ಎರಡರಲ್ಲಿ ಯಾವುದು ಹೆಸರಿನ ಮೂಲವೋ ಅದನ್ನು ಪಂಡಿತರಿಗೆ ಬಿಡಬಹುದು. ಊರಿನ ಸುತ್ತಲ ನೆಲಕ್ಕೆ ಮಾತ್ರ ಎರಡೂ ಒಪ್ಪುತ್ತವೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಈ ಕಲ್ಲುಗುಡ್ಡಗಳ ನಾಡಿನಲ್ಲಿ ಮಳೆ ಮಾತಿಗೆ ತಪ್ಪಬಹುದು, ಕೆರೆ ಕೋಡಿ ಬೀಳದೆ ವರ್ಷಗಳು ಕಳೆಯಬಹುದು. ಬಿಸಿಲು ಮಾತ್ರ ತನ್ನ ಪಾಲನ್ನು ಎಂದೂ ಬಾಕಿ ಉಳಿಸಿಕೊಂಡದ್ದಿಲ್ಲ.

ಈ ಬಿಸಿಲಿನೊಡನೆ ಬಾಳುವ ಬಗೆಯನ್ನು ಸೀಮೆಯ ಜನ ಯಾವ ಗ್ರಂಥದಿಂದಲೂ ಕಲಿತವರಲ್ಲ. ಗಂಡಸಿನ ತಲೆಗೆ ರುಮಾಲು, ಹೆಂಗಸಿನ ತಲೆಗೆ ಸೆರಗು, ಕುರಿ ಕಾಯುವವನ ಹೆಗಲಿಗೆ ಕಂಬಳಿ. ನಸುಕಿನಲ್ಲಿ ಆರು ಕಟ್ಟುವುದು, ನಡುಹಗಲಿನಲ್ಲಿ ಹೊಂಗೆಯ ನೆರಳಿಗೆ ಸರಿಯುವುದು, ಹೊತ್ತು ಇಳಿದ ಮೇಲೆ ಮತ್ತೆ ಹೊಲಕ್ಕೆ ಹೋಗುವುದು: ಇವು ವೈದ್ಯರು ಹೇಳಿದ ಪಥ್ಯಗಳಲ್ಲ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ನಡೆವಳಿಕೆಗಳು. ಇವೆಲ್ಲಕ್ಕಿಂತ ಮೊದಲಿನ ಹೊದಿಕೆ ಮೈಬಣ್ಣ. ಮೆಲನಿನ್ ಎಂಬ ಕಪ್ಪು ವಸ್ತುವು ಚರ್ಮದ ಕಣಗಳೊಳಗೆ ಸೇರಿ, ಕಣದ ಜೀವಾಳವಾದ ಕೇಂದ್ರದ ಮೇಲೆ ಕೊಡೆ ಹಿಡಿದಂತೆ ಕವಿದುಕೊಂಡು, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾನು ನುಂಗಿ ಒಳಗಿನದನ್ನು ಕಾಯುತ್ತದೆ. ಮದುವೆಯ ಮಾತು ನಡೆಯುವಾಗ ಹುಡುಗಿಗೆ “ಬಣ್ಣ ಸ್ವಲ್ಪ ಕಡಮೆ” ಎಂದು ದನಿ ತಗ್ಗಿಸುವ ಹಿರಿಯರು ಉಂಟು. ಶಾಸ್ತ್ರದ ಲೆಕ್ಕದಲ್ಲಿ ಅವಳಿಗೆ ಬಣ್ಣ ಹೆಚ್ಚು. ಸೂರ್ಯನ ಮಗನಾದ ಕರ್ಣನು ಕವಚದೊಡನೆ ಹುಟ್ಟಿದನೆಂದು ಭಾರತ ಹೇಳುತ್ತದೆ. ಈ ಬಯಲಿನಲ್ಲಿ ಹುಟ್ಟುವ ಪ್ರತಿಯೊಂದು ಕಪ್ಪು ಕೂಸೂ ಅಂಥದೊಂದು ಕವಚವನ್ನು ತೊಟ್ಟೇ ಬರುತ್ತದೆ.

ಆದುದರಿಂದಲೇ ಆಸ್ಟ್ರೇಲಿಯದಂಥ ದೇಶಗಳಲ್ಲಿ ನೆಲೆಸಿದ ಬಿಳಿಯ ಜನರನ್ನು ಪೀಡಿಸುವ ಒಂದು ಬಗೆಯ ಚರ್ಮವಿಕಾರ ಕನ್ನಡ ನಾಡಿನಲ್ಲಿ ಅಪರೂಪ. ವರ್ಷಗಟ್ಟಲೆ ಬಿಸಿಲುಂಡ ಹಣೆ, ಕಿವಿ, ಮೂಗು, ಮುಂಗೈಗಳ ಮೇಲೆ ಒರಟಾದ ಸಣ್ಣ ಚಕ್ಕೆಗಳು ಏಳುತ್ತವೆ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತವೆ. ಮುಟ್ಟಿದರೆ ಉಪ್ಪುಕಾಗದವನ್ನು ಸವರಿದಂತಿರುತ್ತದೆ. ನೋವಿಲ್ಲ, ಹೆಚ್ಚಿನ ತುರಿಯೂ ಇಲ್ಲ. ಇವು ಅರ್ಬುದವಲ್ಲ, ಅರ್ಬುದದ ಹೊಸ್ತಿಲು. ಬಹಳ ಚಕ್ಕೆಗಳು ಹಾಗೆಯೇ ಉಳಿಯುತ್ತವೆ, ಕೆಲವು ತಾವಾಗಿಯೇ ಮಾಯವಾಗುತ್ತವೆ, ಕೆಲವೇ ಕೆಲವು ಹೊಸ್ತಿಲು ದಾಟುತ್ತವೆ. ಯಾವುದು ದಾಟೀತೆಂಬುದನ್ನು ಮುಂಚಿತವಾಗಿ ಹೇಳಲು ಬಾರದು. ವೈದ್ಯರು ಎಲ್ಲವನ್ನೂ ಗಮನಿಸಬೇಕೆನ್ನುವುದು ಅದಕ್ಕಾಗಿಯೇ.

ಅಪರೂಪವೆಂದರೆ ಇಲ್ಲವೆಂದಲ್ಲ. ಕವಚವಿಲ್ಲದೆ ಹುಟ್ಟುವ ಮಕ್ಕಳೂ ಉಂಟು. ತಂದೆತಾಯಿ ಇಬ್ಬರೂ ಕಪ್ಪು. ಕೂಸು ಮಾತ್ರ ಹಾಲಿನಂತೆ ಬಿಳಿದು, ಕೂದಲು ಒಣಹುಲ್ಲಿನ ಬಣ್ಣ, ಕಣ್ಣು ಬೆಳಕಿಗೆ ಅಂಜುವುದು. ಹುಟ್ಟಿನಿಂದಲೇ ಮೆಲನಿನ್ ತಯಾರಾಗದ ಈ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರು. ಲೋಕದಲ್ಲಿ ಸುಮಾರು 17ರಿಂದ 20 ಸಾವಿರ ಜನರಿಗೆ ಒಬ್ಬರಂತೆ ಇದ್ದಾರೆಂದು ಅಂದಾಜು. ಇದು ತೊನ್ನಲ್ಲ, ಕುಷ್ಠವಲ್ಲ, ಅಂಟುವುದಲ್ಲ, ಯಾರ ಪಾಪದ ಫಲವೂ ಅಲ್ಲ. ತಂದೆತಾಯಿ ಇಬ್ಬರಲ್ಲೂ ಒಂದೇ ದೋಷಬೀಜ ಕಾಣದಂತೆ ಅಡಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ಸಂಭವ ಇರುತ್ತದೆ. ಸೋದರಮಾವನಿಗೆ ಸೊಸೆಯನ್ನು, ಅತ್ತೆಯ ಮಗನಿಗೆ ಮಾವನ ಮಗಳನ್ನು ತಂದುಕೊಳ್ಳುವ ಮನೆಗಳಲ್ಲಿ ಒಂದೇ ಬೀಜ ಎರಡು ಕಡೆಯಿಂದಲೂ ಬಂದು ಕೂಡುವ ಸಂಭವ ಸಹಜವಾಗಿಯೇ ಹೆಚ್ಚು. ಹೊಲ ಹೊರಗೆ ಹೋಗಬಾರದೆಂದು, ಹೆಣ್ಣು ದೂರವಾಗಬಾರದೆಂದು ಮಾಡಿದ ಸಂಬಂಧ ಈ ಬಗೆಯ ಬೆಲೆಯನ್ನೂ ಕೇಳಬಹುದೆಂಬುದನ್ನು ಬಹಳ ಮನೆಗಳು ಯೋಚಿಸಿರುವುದಿಲ್ಲ.

ಇಂಥ ಮಗುವಿನ ಬಾಳು ಹಳ್ಳಿಯಲ್ಲಿ ಹೇಗೆ ಸಾಗುತ್ತದೆಂಬುದನ್ನು ವಾಚಕರು ನಿಧಾನವಾಗಿ ಆಲೋಚಿಸಬೇಕು. ಆಲ್ಬಿನಿಸಂ ಚರ್ಮದ ಕೊರತೆ ಮಾತ್ರವಲ್ಲ, ಕಣ್ಣಿನ ಕೊರತೆಯೂ ಹೌದು. ಕಣ್ಣಾಲಿಗಳು ನಿಲ್ಲದೆ ಅದಿರುತ್ತವೆ. ದೂರದ ಅಕ್ಷರ ಕಾಣುವುದಿಲ್ಲ. ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತರೆ ಕರಿಯ ಹಲಗೆಯ ಮೇಲಿನದು ಬರಿಯ ಬಿಳಿಯ ಮಬ್ಬು. ಓದಲಾರದ ಮಗುವನ್ನು ಉಪಾಧ್ಯಾಯರು ದಡ್ಡನೆಂದು ಬಗೆಯುತ್ತಾರೆ. ಜೊತೆಯ ಮಕ್ಕಳು ಅಡ್ಡಹೆಸರಿಡುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಮನೆಯ ಹಿರಿಯರು, “ಇವನಿಗೆ ಓದು ಹತ್ತದು, ಮೇಕೆಯನ್ನಾದರೂ ಕಾಯಲಿ” ಎಂದು ತೀರ್ಮಾನಿಸುತ್ತಾರೆ. ಹೀಗೆ ಊರಿಗೆಲ್ಲ ಯಾವ ಮಗುವನ್ನು ನೆರಳಿನಲ್ಲಿ ಇಡಬೇಕಾಗಿತ್ತೋ ಅದೇ ಮಗು ಬಯಲಿನ ಪಾಲಾಗುತ್ತದೆ. ಅದರಲ್ಲಿ ಯಾರ ಕ್ರೌರ್ಯವೂ ಇಲ್ಲ. ತಿಳಿವಳಿಕೆಯ ಕೊರತೆಯೊಂದೇ ಮೆಟ್ಟಿಲು ಮೆಟ್ಟಿಲಾಗಿ ಅಷ್ಟು ದೂರ ಕರೆದೊಯ್ಯುತ್ತದೆ. ಇತರರಿಗೆ ಮುಪ್ಪಿನಲ್ಲಿಯೂ ಬಾರದ ಚಕ್ಕೆಗಳು ಇವರಿಗೆ ಯೌವನದಲ್ಲಿಯೇ ಬರುತ್ತವೆ. ಬಿಸಿಲುನಾಡುಗಳಲ್ಲಿ ಕಾಪಿಲ್ಲದೆ ಬೆಳೆದ ಆಲ್ಬಿನಿಸಂ ಉಳ್ಳವರನ್ನು ಅಕಾಲದಲ್ಲಿ ಕೊಂಡೊಯ್ಯುವ ಮುಖ್ಯ ಕಾರಣ ಚರ್ಮದ ಅರ್ಬುದವೇ.

ಈ ಚಕ್ಕೆಗಳ ಸ್ವಭಾವವನ್ನು ವೈದ್ಯರು ವಿವರಿಸುವಾಗ ‘ಕ್ಷೇತ್ರ’ ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಕಾಣುವ ಚಕ್ಕೆ ನಾಲ್ಕಾದರೂ ಕೆಟ್ಟಿರುವುದು ಸುತ್ತಲ ಚರ್ಮವೆಲ್ಲ. ಕಾಣದ ಮೊಳಕೆಗಳು ಹತ್ತಾರು ಇರಬಹುದು. ಬರಗೂರಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆಕಾಯಿ ಹೊಲದಲ್ಲಿ ತಲೆಯೆತ್ತಿದ ಕಳೆಯನ್ನು ಕಿತ್ತ ಮಾತ್ರಕ್ಕೆ ಹೊಲ ಹಸನಾಗದು. ಮಣ್ಣಿನೊಳಗಿನ ಬೀಜ ಮುಂದಿನ ಹದಕ್ಕೆ ಕಾದಿರುತ್ತದೆಂಬುದು ಅವನ ದಿನನಿತ್ಯದ ಅನುಭವ. ಒಂದೊಂದೇ ಚಕ್ಕೆಯನ್ನು ದ್ರವರೂಪದ ಸಾರಜನಕದ ಕಡುತಣ್ಪಿನಿಂದ ಸುಟ್ಟು ಉದುರಿಸುವುದು ಕಳೆ ಕೀಳುವ ಬಗೆ. ಇಡೀ ಕ್ಷೇತ್ರವನ್ನು ಹಸನು ಮಾಡುವ ಬಗೆ ಬೇರೆ. ಅಂಥವುಗಳಲ್ಲಿ ವಿಚಿತ್ರವಾದದ್ದು ಬೆಳಕಿನಿಂದಲೇ ಮಾಡುವ ಚಿಕಿತ್ಸೆ.

ಬೆಳಕನ್ನು ಮದ್ದಾಗಿಸುವ ಯೋಚನೆ ಭರತಖಂಡಕ್ಕೆ ಹೊಸದಲ್ಲ. ತೊನ್ನಿಗೆ ಬಾವಂಚಿಯ ಬೀಜವನ್ನು ಕೊಟ್ಟು ಮೈಯನ್ನು ಬಿಸಿಲಿಗೊಡ್ಡುವ ಪದ್ಧತಿ ಆಯುರ್ವೇದದಲ್ಲಿ ಬಹು ಹಿಂದಿನಿಂದ ನಡೆದು ಬಂದಿದೆ. ಯುರೋಪಿನಲ್ಲಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬಾತನು ಚರ್ಮದ ಕ್ಷಯವನ್ನು ದೀಪದ ಕಿರಣಗಳಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದ 1900ನೆಯ ಇಸವಿಯಲ್ಲಿಯೇ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಒಂದು ಸಣ್ಣ ಶೋಧವನ್ನು ಪ್ರಕಟಿಸಿದನು. ನೀರಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೆ ಅಕ್ರಿಡಿನ್ ಎಂಬ ಬಣ್ಣವನ್ನು ಬೆರೆಸಿದರೆ ಅವು ಒಂದು ದಿನ ಬೇಗ ಸಾಯುತ್ತಿದ್ದುವು, ಇನ್ನೊಂದು ದಿನ ತಡವಾಗಿ. ಬಣ್ಣದ ಪ್ರಮಾಣ ಒಂದೇ; ವ್ಯತ್ಯಾಸ ಬೆಳಕಿನದು. ಬಣ್ಣವೊಂದೇ ಕೊಲ್ಲಲಾರದು, ಬೆಳಕೊಂದೇ ಕೊಲ್ಲಲಾರದು. ಎರಡೂ ಕೂಡಿದರೆ ಸಾವು. ಅವನ ಗುರು ಹರ್ಮನ್ ಫಾನ್ ಟಾಪ್ಪೈನರ್ ಇದಕ್ಕೆ ಪ್ರಾಣವಾಯುವೂ ಬೇಕೆಂಬುದನ್ನು ಕಂಡು ‘ಫೋಟೋಡೈನಮಿಕ್’ ಎಂದು ಹೆಸರಿಟ್ಟನು. 1903ರಲ್ಲಿ ಇಯೋಸಿನ್ ಎಂಬ ಬಣ್ಣವನ್ನು ಹಚ್ಚಿ ಚರ್ಮದ ಅರ್ಬುದಕ್ಕೆ ಬೆಳಕಿನ ಚಿಕಿತ್ಸೆಯನ್ನು ನಡೆಸಿಯೂ ನೋಡಿದನು. 1912ರಲ್ಲಿ ಫ್ರೀಡ್ರಿಕ್ ಮೇಯರ್-ಬೆಟ್ಸ್ ಎಂಬ ವೈದ್ಯನು ರಕ್ತದಿಂದ ತೆಗೆದ ಪಾರ್ಫಿರಿನ್ ಎಂಬ ವರ್ಣದ್ರವ್ಯವನ್ನು ತನ್ನ ಮೈಗೇ ಚುಚ್ಚಿಕೊಂಡು ಬಿಸಿಲಿಗೆ ಹೋಗಿ, ಗುರುತು ಸಿಕ್ಕದಂತೆ ಬಾತುಕೊಂಡನು. ಬಿಸಿಲಿನ ಅಂಜಿಕೆ ಅವನನ್ನು ಎರಡು ತಿಂಗಳಿಗೂ ಮೀರಿ ಬಿಡಲಿಲ್ಲ. ಆ ಮೇಲೆ ಬಹುಕಾಲ ವಿಷಯ ಮೂಲೆ ಸೇರಿತ್ತು. 1978ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಘರ್ಟಿ 25 ಮಂದಿ ರೋಗಿಗಳ 113 ಗಂಟುಗಳಿಗೆ ಚಿಕಿತ್ಸೆ ನಡೆಸಿ, 111ರಲ್ಲಿ ಪೂರ್ಣವಾಗಿಯೋ ಭಾಗಶಃವಾಗಿಯೋ ಫಲ ಕಂಡುದನ್ನು ಪ್ರಕಟಿಸಿದನು. 1990ರಲ್ಲಿ ಕೆನಡಾದ ಕೆನಡಿ ಮತ್ತು ಪಾಟಿಯರ್ ಚುಚ್ಚುವ ಬದಲು ಹಚ್ಚುವ ಮದ್ದನ್ನು ಕಂಡರು. 1999ರಲ್ಲಿ ಅಮೆರಿಕದ ಸರ್ಕಾರ ಅದನ್ನು ಈ ಬಿಸಿಲಿನ ಚಕ್ಕೆಗಳಿಗೆ ಅನುಮತಿಸಿತು.

ಈ ಹಚ್ಚುವ ಮದ್ದಿನ ಜಾಣ್ಮೆ ನೆನಪಿಡತಕ್ಕದ್ದು. ಅಮಿನೋಲೆವುಲಿನಿಕ್ ಆಮ್ಲವೆಂಬ ಅದು ತಾನಾಗಿ ಬೆಳಕನ್ನು ಹಿಡಿಯುವ ವಸ್ತುವಲ್ಲ. ರಕ್ತಕ್ಕೆ ಕೆಂಪು ಕೊಡುವ ದ್ರವ್ಯವನ್ನು ಕಣಗಳು ತಯಾರಿಸುವ ದಾರಿಯಲ್ಲಿ ಅದೊಂದು ಕಚ್ಚಾ ಸಾಮಗ್ರಿ. ಅದು ದೊರೆತೊಡನೆ ಕೆಟ್ಟ ಕಣಗಳು ಒಳ್ಳೆಯ ಕಣಗಳಿಗಿಂತ ಹೆಚ್ಚಾಗಿ ಪಾರ್ಫಿರಿನ್ನನ್ನು ಮಾಡಿ ತಮ್ಮೊಳಗೇ ತುಂಬಿಕೊಳ್ಳುತ್ತವೆ. ಆಮೇಲೆ ನೀಲಿಯ ಅಥವಾ ಕೆಂಪು ಬೆಳಕನ್ನು ಹಾಯಿಸಿದರೆ, ಪಾರ್ಫಿರಿನ್ ಆ ಬೆಳಕನ್ನು ಹೀರಿ, ಅದರ ಶಕ್ತಿಯನ್ನು ಪ್ರಾಣವಾಯುವಿಗೆ ದಾಟಿಸುತ್ತದೆ. ಪ್ರಾಣವಾಯುವು ಕ್ಷಣಮಾತ್ರ ಉಗ್ರರೂಪ ತಾಳಿ, ತಾನಿದ್ದ ಕಣವನ್ನೇ ಸುಡುತ್ತದೆ. ಪಡೆದ ವರದಿಂದಲೇ ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡ ಭಸ್ಮಾಸುರನ ಕಥೆ ಇದು. ನೀಲಿಯ ಬೆಳಕು ಮೇಲುಪದರದಲ್ಲಿ ನಿಲ್ಲುತ್ತದೆ. ಕೆಂಪು ಬೆಳಕು ಇನ್ನಷ್ಟು ಒಳಗಿಳಿಯುತ್ತದೆ. ಮದ್ದು ಹಚ್ಚಿ ಕೆಲವು ಗಂಟೆ ಕಾದು, ದೀಪದ ಕೆಳಗೆ ಹತ್ತಿಪ್ಪತ್ತು ನಿಮಿಷ ಕುಳಿತರೆ ಕೆಲಸ ಮುಗಿಯಿತು.

ಮುಗಿಯಿತೆಂಬ ಮಾತನ್ನು ಹಗುರವಾಗಿ ಹೇಳಬಾರದು. ದೀಪದ ಕೆಳಗಿನ ಉರಿ ಹಲವರಿಗೆ ಸಹಿಸಲು ಕಷ್ಟವಾಗುತ್ತದೆ. ಮುಂದಿನ ಎರಡು ದಿನ ಬಿಸಿಲಿಗೆ ಮುಖ ತೋರಿಸುವಂತಿಲ್ಲ. ಚರ್ಮ ಕೆಂಪಾಗಿ, ಹಕ್ಕಳೆಗಟ್ಟಿ ಉದುರಿ, ಕಲೆ ಉಳಿಸದೆ ಮಾಯುವುದೇ ಈ ಚಿಕಿತ್ಸೆಯ ಹೆಚ್ಚುಗಾರಿಕೆ. ಆದರೆ ಆಳಕ್ಕಿಳಿದ ಅರ್ಬುದಕ್ಕೆ ಇದು ಸಾಲದು. ಅದಕ್ಕೆ ಶಸ್ತ್ರವೇ ಗತಿ. ಮಾಯದ ಹುಣ್ಣು, ರಕ್ತ ಒಸರುವ ಚಕ್ಕೆ, ಬುಡ ಗಟ್ಟಿಯಾದ ಗಂಟು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ಅರ್ಬುದಕ್ಕಾಗಿಯೇ ಇರುವುದು. ದೀಪವೂ ಮದ್ದೂ ಬೆಲೆಯುಳ್ಳವು. ಹಳ್ಳಿಯ ಮನೆಗೆ ನಿಲುಕುವಂಥವಲ್ಲ. ಕೆಲವು ವಾರ ಮನೆಯಲ್ಲಿಯೇ ಹಚ್ಚಿಕೊಳ್ಳಬಹುದಾದ ಫ್ಲೂರೋಯುರಾಸಿಲ್ ಎಂಬ ಲೇಪವೂ ಕ್ಷೇತ್ರವನ್ನು ಹಸನು ಮಾಡಬಲ್ಲದು. ಯಾವುದು ಯಾರಿಗೆ ಎಂಬುದು ವೈದ್ಯರು ಮೈಯನ್ನು ನೋಡಿ ಹೇಳಬೇಕಾದ ಮಾತು.

ಈಚಿನ ವರ್ಷಗಳಲ್ಲಿ ದೀಪವನ್ನೇ ಬಿಟ್ಟು ಹಗಲ ಬೆಳಕಿನಿಂದ ಚಿಕಿತ್ಸೆ ನಡೆಸುವ ಕ್ರಮ ಯುರೋಪಿನಲ್ಲಿ ಬಳಕೆಗೆ ಬಂದಿದೆ. ಅತಿನೇರಳೆಯನ್ನು ತಡೆಯುವ ಲೇಪವನ್ನು ಮೊದಲು ಹಚ್ಚಿ, ಮೇಲೆ ಮದ್ದನ್ನು ಸವರಿ, ಎರಡು ಗಂಟೆ ಹೊರಗಿದ್ದರೆ ಸಾಕು. ಸೆಕೆಯಾದರೆ ನೆರಳಿಗೆ ಸರಿಯಲು ಅಡ್ಡಿಯಿಲ್ಲ. ಪಾರ್ಫಿರಿನ್ ಒಂದಿಷ್ಟು ಹುಟ್ಟಿದ ಹಾಗೆಯೇ ಬೆಳಕಿಗೆ ಸವೆಯುವುದರಿಂದ ಉರಿಯೂ ಬಹಳ ಕಡಮೆ. ಬೆಳಕಿಗಾಗಿ ಹವಾಮಾನದ ಮುಖ ನೋಡಬೇಕಾದ ದೇಶಗಳು ಹಗಲನ್ನು ಹೀಗೆ ದುಡಿಸಿಕೊಳ್ಳುತ್ತಿರುವಾಗ, ಬರಗೂರಿನ ಸೀಮೆಯ ನೆನಪಾಗದಿರದು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆ ನೆಲ ಗಾಜಿನ ಫಲಕಗಳನ್ನು ಹೊದ್ದು ಮಲಗಿದೆ. 2019ರ ಕೊನೆಯ ಹೊತ್ತಿಗೆ ಅಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಏರ್ಪಾಡು ಪೂರ್ಣವಾಯಿತು. ಬೆಳೆಯನ್ನು ಒಣಗಿಸುತ್ತಿದ್ದ ಬಿಸಿಲು ನೆಲದ ಗುತ್ತಿಗೆಯ ಹಣವಾಗಿ ರೈತನ ಮನೆಗೆ ಬಂದುದುಂಟು. ಶಾಪವೆಂದು ಬಗೆದದ್ದನ್ನು ತಿಳಿವಳಿಕೆಯಿಂದ ಪಳಗಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆ ಮದ್ದು ಅಗ್ಗವಾಗಿ ತಾಲ್ಲೂಕು ಆಸ್ಪತ್ರೆಗೆ ಬರುವ ಕಾಲ ಬಂದರೆ, ದೀಪದ ವೆಚ್ಚವನ್ನು ಸೂರ್ಯನೇ ಹೊತ್ತಾನು.

ಆ ಕಾಲ ಬರುವವರೆಗೆ ಮಾಡತಕ್ಕದ್ದು ಏನೂ ಇಲ್ಲವೆಂದು ತಿಳಿಯಬಾರದು. ಕವಚವಿಲ್ಲದೆ ಹುಟ್ಟಿದ ಮಗುವಿಗೆ ಮೊದಲ ಮದ್ದು ಶಾಲೆಯ ಮುಂದಿನ ಸಾಲಿನಲ್ಲಿ ಒಂದು ಜಾಗ. ಎರಡನೆಯದು ತಕ್ಕ ಕನ್ನಡಕ, ತೋಳುದ್ದದ ಅಂಗಿ, ಅಗಲವಾದ ಅಂಚಿನ ಟೋಪಿ. ಮೂರನೆಯದು ವರ್ಷಕ್ಕೆರಡು ಸಲ ಮೈಯನ್ನೆಲ್ಲ ನೋಡುವ ಒಬ್ಬ ವೈದ್ಯ; ನಡುವೆ, ಮೀಸುವಾಗ ಕಿವಿಯ ಹಿಂದೆಯೂ ಕತ್ತಿನ ಮೇಲೆಯೂ ಬೆರಳಾಡಿಸಿ ಒರಟನ್ನು ಗುರುತಿಸುವ ತಾಯಿಯ ಕೈ. ನಾಲ್ಕನೆಯದು ನೆರಳಿನಲ್ಲಿ ಮಾಡಬಹುದಾದ ಒಂದು ಜೀವನೋಪಾಯ. ಅದಕ್ಕೆ ದಾರಿ ಅಕ್ಷರವೇ ಆದುದರಿಂದ ಮಾತು ಮತ್ತೆ ಶಾಲೆಯ ಮುಂದಿನ ಸಾಲಿಗೇ ಬರುತ್ತದೆ. ಮೇಕೆ ಕಾಯಲು ಬೇರೆ ಯಾರಾದರೂ ಸಿಕ್ಕಾರು. ಸೀಮೆಯ ಬಿಸಿಲನ್ನು ಯಾರೂ ಕಡಮೆ ಮಾಡಲಾರರು. ಅದರ ಕೆಳಗೆ ಯಾರನ್ನು ನಿಲ್ಲಿಸಬೇಕು, ಯಾರನ್ನು ನಿಲ್ಲಿಸಬಾರದು ಎಂಬ ವಿವೇಕ ಮಾತ್ರ ಊರಿನವರ ಕೈಯಲ್ಲಿದೆ.