ಪರಾತದೊಳಗಿನ ಹಿಂಗಾರಿ

ನಮ್ಮ ಕಡೆಯ ಅಡಿಗೆಮನೆಗಳಲ್ಲಿ ಡಬ್ಬಿಗಳಿಗೂ ಒಂದೊಂದು ಜಾತಕವಿರುತ್ತದೆ. ಸಾಸಿವೆ-ಜೀರಿಗೆಗಳ ಡಬ್ಬಿ ದಿನಕ್ಕೆ ನಾಲ್ಕು ಸಲ ಬಾಯಿ ತೆರೆಯುತ್ತದೆ. ಗಸಗಸೆಯದು ಹಬ್ಬ-ಹುಣ್ಣಿವೆಗೆ. ಅಳವಿಯ ಡಬ್ಬಿಯದು ಮಾತ್ರ ಋಷಿಗಳ ಬಾಳು. ಮನೆಮಗಳು ಹಡೆಯಲೆಂದು ತವರಿಗೆ ಬಂದರೇ ಅದಕ್ಕೆ ಬೆಳಕು ಕಾಣುವ ಯೋಗ. ಆಗ ಅಂಟಿನ ಉಂಡಿಯ ಜೊತೆಗೆ ಅಳವಿಯ ಪಾಯಸವೂ ಬಾಣಂತಿಯ ಬಟ್ಟಲಿಗೆ ಇಳಿಯುತ್ತದೆ. ಬಸುರಿಗೆ ಅದು ಸಲ್ಲದು, ಕಾವು ಹೆಚ್ಚು ಎಂದು ಹಿರಿಯರ ಕಟ್ಟಪ್ಪಣೆ. ಹಡೆದವಳಿಗೆ ಅದೇ ಕಾವು ಬೇಕು, ನಡುವಿಗೆ ಬಲ, ಎದೆಗೆ ಹಾಲು ಎಂದು ಅದೇ ಹಿರಿಯರ ಸಮರ್ಥನೆ. ಬಾಣಂತನ ಮುಗಿಯಿತೋ, ಡಬ್ಬಿ ಮತ್ತೆ ನಾಗೊಂದಿಗೆಯ ಮೂಲೆಗೆ.

ಹೀಗಾಗಿ ಈ ಕೆಂಪುಮಿಶ್ರಿತ ಕಂದುಬಣ್ಣದ ಸಣ್ಣ ಕಾಳು ಒಂದು ಗಿಡದ ಬೀಜವೆಂಬುದೂ, ಆ ಗಿಡಕ್ಕೆ ಎಲೆಗಳಿರುತ್ತವೆಂಬುದೂ, ಆ ಎಲೆಗಳನ್ನು ಹಸಿಯಾಗಿ ತಿನ್ನಬಹುದೆಂಬುದೂ ನಮಗೆ ಮರೆತೇಹೋಗಿದೆ. ಒಂದು ಬೀಜಕ್ಕೆ ಔಷಧವೆಂಬ ಬಿರುದು ಬಂದ ಮೇಲೆ ಅದನ್ನು ಮಣ್ಣಿಗೆ ಹಾಕಬೇಕೆಂದು ಯಾರಿಗೆ ತೋಚೀತು? ಸಂಸ್ಕೃತದಲ್ಲಿ ಅದಕ್ಕೆ ಚಂದ್ರಶೂರವೆಂಬ ಗಂಭೀರವಾದ ಹೆಸರಿದೆ. ಮೆಂತ್ಯೆ, ಅಳವಿ, ಕರಿಜೀರಿಗೆ, ಅಜವಾನ—ಈ ನಾಲ್ಕನ್ನು ಆಯುರ್ವೇದದವರು ‘ಚತುರ್ಬೀಜ’ವೆಂದು ಒಟ್ಟಿಗೆ ಕರೆದಿದ್ದಾರೆ. ಮರಾಠಿಗರಿಗೆ ಅದು ಹಳೀವ, ಹಿಂದಿಯವರಿಗೆ ಹಾಲಿಂ, ಇಂಗ್ಲಿಷರಿಗೆ ಗಾರ್ಡನ್ ಕ್ರೆಸ್. ಕುಲವನ್ನು ಕೇಳುವುದಾದರೆ ಸಾಸಿವೆಯ ಕುಲ.

ಈ ಕುಲದಲ್ಲಿ ಅಳವಿಗೆ ಒಬ್ಬ ಶ್ರೀಮಂತ ಬಂಧುವಿದ್ದಾನೆ, ವಾಟರ್‌ಕ್ರೆಸ್ ಎಂದು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ವಿಲಿಯಂ ಬ್ರ್ಯಾಡ್‌ಬೆರಿ ಎಂಬಾತ 1808ರಲ್ಲಿ ಅದನ್ನು ಬೆಳೆಯಾಗಿ ಬೆಳೆಯತೊಡಗಿದ. ಅದರ ಶಾಸ್ತ್ರೀಯ ನಾಮ ನಸ್ಟರ್ಷಿಯಂ; ಲ್ಯಾಟಿನ್ನಿನಲ್ಲಿ ‘ಮೂಗು ತಿರುಚುವುದು’ ಎಂದು ಆ ಮಾತಿನ ಅರ್ಥ ಹೇಳುತ್ತಾರೆ. ಅಷ್ಟು ಖಾರ. ಆದರೆ ಅದರ ಬೇರಿನ ಕೆಳಗೆ ತಣ್ಣನೆಯ ತಿಳಿನೀರು ಸದಾ ಹರಿಯುತ್ತಿರಬೇಕು.

ಸದಾ ಹರಿಯುವ ನೀರು! ಗದಗ-ಬೆಟಗೇರಿಯ ಓದುಗರು ಇಲ್ಲಿ ನಕ್ಕರೆ ನಾನು ಬೇಸರಪಡುವುದಿಲ್ಲ. ತುಂಗಭದ್ರೆ ಮುಂಡರಗಿ ಸೀಮೆಯ ಅಂಚನ್ನು ಸವರಿಕೊಂಡು ಹೋಗುತ್ತಾಳೆ. ಅಲ್ಲಿಂದ ಕೊಳವೆ ಹಿಡಿದು ನಮ್ಮೂರಿಗೆ ಬರಬೇಕು. ಎಂಟು-ಹತ್ತು ದಿನಕ್ಕೊಮ್ಮೆ ನಲ್ಲಿಯ ದರ್ಶನವಾಗುತ್ತಿದ್ದ ಬೇಸಿಗೆಗಳನ್ನು ಈ ಊರು ಕಂಡಿದೆ. ‘ನಳ ಬಂತು’ ಎಂಬ ಕೂಗಿಗೆ ಓಣಿಗೆ ಓಣಿಯೇ ಎದ್ದು ನಿಲ್ಲುತ್ತಿದ್ದುದನ್ನು ಕಂಡವನಿಗೆ ಗಿಡದ ಗುಣವನ್ನು ಕೇಳುವ ಮೊದಲು ಅದು ಕುಡಿಯುವ ನೀರೆಷ್ಟು ಎಂದು ಕೇಳುವುದೇ ಅಭ್ಯಾಸ. ಆ ಪರೀಕ್ಷೆಯಲ್ಲಿ ವಾಟರ್‌ಕ್ರೆಸ್ಸು ನಪಾಸು. ಬಡಬಂಧು ಅಳವಿ ಮೊದಲನೆಯ ದರ್ಜೆಯಲ್ಲಿ ಪಾಸು: ಒಂದು ಪರಾತದ ಬೆಳೆಗೆ ದಿನಕ್ಕೆ ಅರ್ಧ ತಂಬಿಗೆ ನೀರು ಸಾಕು.

ನಮ್ಮ ಮನೆಗೆ ಅಳವಿಯ ಬೆಳೆ ಬಂದದ್ದು ಅವ್ವನ ನಾಲಿಗೆಯ ದೆಸೆಯಿಂದ. ಅವಳು ಹುಟ್ಟಿ ಬೆಳೆದದ್ದು, ಬಾಳುವೆ ಮಾಡಿದ್ದು ಶಿರಹಟ್ಟಿಯ ಕಡೆಯ ಹಳ್ಳಿಗಳಲ್ಲಿ. ಅಪ್ಪ ಹೋದಮೇಲೆ ನಮ್ಮ ಗದಗಿನ ಎರಡನೆಯ ಮಾಳಿಗೆಗೆ ಬಂದಳು. ಬಂದ ವರ್ಷವೇ ಒಂದು ದೀರ್ಘವಾದ ಜ್ವರ. ಜ್ವರ ಬಿಟ್ಟಿತು, ರುಚಿ ಮರಳಲಿಲ್ಲ. “ನಾಲಿಗಿ ಮ್ಯಾಲ ಧೂಳ ಕುಂತಂಗ ಆಗೈತಿ” ಎನ್ನುವಳು. ರೊಟ್ಟಿಯ ಅರ್ಧ ತಾಟಿನಲ್ಲೇ ಉಳಿಯುವುದು. ದಿನದಿಂದ ದಿನಕ್ಕೆ ಅವಳ ಕೈಬಳೆಗಳು ಮೊಳಕೈಯ ಕಡೆಗೆ ಸರಿಯತೊಡಗಿದವು. ತಪ್ಪಲುಪಲ್ಯ ತಿನ್ನಿಸಿರೆಂದು ವೈದ್ಯರು ಹೇಳಿದರು. ಪೇಟೆಯ ಮೆಂತ್ಯೆಯ ಸಿವುಡನ್ನು ಅವ್ವ ಮೂಗಿಗೆ ಹಿಡಿದು, “ಇದು ಯಾವ ನೀರಾಗ ಬೆಳದದ್ದೋ ಯಾರಿಗೆ ಗೊತ್ತು” ಎಂದು ಅತ್ತ ಸರಿಸಿಬಿಟ್ಟಳು.

ಅವಳ ಅನುಮಾನದ ಹಿಂದೆ ಒಂದು ಇಡೀ ಬಾಳುವೆಯ ಅನುಭವವಿತ್ತು. ಪಲ್ಯವೆಂದರೆ ಅವಳಿಗೆ ಅಂಗಡಿಯ ಸರಕಲ್ಲ. ಕಳೆ ತೆಗೆಯುವಾಗ ಉಡಿಗೆ ಬೀಳುವ ವಸ್ತು. ಹಕ್ಕರಕಿ, ಹತ್ತರಕಿ, ಗೋಳಿ, ಕಿರಕಸಾಲಿ, ಕುಸುಬಿಯ ಎಳೆ ಎಲೆ, ಕಡಲೆಯ ಹುಳಿಗುಡಿ—ಹೆಸರು ಹೇಳುವಾಗಲೇ ಅವಳ ಬಾಯಲ್ಲಿ ನೀರೂರುವುದು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲೊಂದು. ಆ ತಿರುಳನ್ನು ಮೂವತ್ತು ವಿದ್ಯಾರ್ಥಿಗಳ ಮುಂದೆ ನಾನು ವರುಷ ವರುಷ ವಿವರಿಸುತ್ತೇನೆ. ಆದರೆ ಪಲ್ಯದ ಹೆಸರುಗಳಲ್ಲಿ ಅವ್ವನಿಗೆ ಗೊತ್ತಿದ್ದ ತಿರುಳು ನನ್ನ ನಿಘಂಟುಗಳಲ್ಲಿ ಪೂರ್ತಿ ಸಿಗಲಿಲ್ಲ. ಇವೆಲ್ಲವನ್ನೂ ಅವಳು ತಿಂದದ್ದು ಬಹುಪಾಲು ಹಸಿಯಾಗಿಯೇ, ಸಜ್ಜಿಯ ರೊಟ್ಟಿಗೆ, ಶೇಂಗಾದ ಹಿಂಡಿಯ ಜೊತೆಗೆ.

ಎರಡನೆಯ ಮಾಳಿಗೆಯಲ್ಲಿ ಹೊಲವೆಲ್ಲಿ? ನಾನು ಕಿರಾಣಿ ಅಂಗಡಿಯಿಂದ ಅಳವಿ ತಂದು, ತೂತುಬಿದ್ದ ಹಳೆಯ ಪರಾತವೊಂದಕ್ಕೆ ಮೊಳೆಯಿಂದ ಇನ್ನೂ ನಾಲ್ಕು ತೂತು ಹೊಡೆದೆ. ನಮ್ಮ ಎರಿಮಣ್ಣು ಒಂಟಿಯಾಗಿದ್ದರೆ ಬಿರಿಯುತ್ತದೆ. ಅದಕ್ಕೆ ಸಮಪಾಲು ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿ ಎರಡು ಬೆರಳು ದಪ್ಪ ಹರಡಿದೆ. ಮಣ್ಣನ್ನು ತೋಯಿಸಿ, ಒಣಬೀಜವನ್ನು ಒಂದು ಚಮಚೆಯಷ್ಟು ತೆಳುವಾಗಿ ಉದುರಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಬಾಣಂತಿ ಬೀಜಾ ಮಣ್ಣಿಗೆ ಯಾಕ ಚೆಲ್ಲತೀಯೋ ತಮ್ಮಾ? ಮನ್ಯಾಗ ಹಡಿಯೂ ಮಂದಿ ಯಾರರ ಅದಾರೇನು?” ಎಂದಳು. ಒಳಗಿನಿಂದ ನನ್ನ ಹೆಂಡತಿ ನಕ್ಕ ಸಪ್ಪಳ ಕೇಳಿತು.

ಅಳವಿಯನ್ನು ಬಿತ್ತುವ ಮೊದಲು ನೆನೆಸಬಾರದು. ನೀರು ತಾಕಿದ ಗಳಿಗೆಯೇ ಪ್ರತಿಯೊಂದು ಬೀಜವೂ ತನ್ನ ಸುತ್ತ ಲೋಳೆಯ ಅಂಗಿ ತೊಡುತ್ತದೆ. ಒಟ್ಟಿಗೆ ನೆನೆದವು ಮುದ್ದೆಯಾಗಿ ಬಿಡಿಸಲು ಬಾರದಂತಾಗುತ್ತವೆ. ಪಾಯಸವನ್ನು ಮಂದಮಾಡುವುದೂ ಈ ಲೋಳೆಯೇ. ಬೀಜಗಳು ಕಡಲನ್ನು ದಾಟಿ ಬದುಕಬಲ್ಲವೆ ಎಂದು ತಿಳಿಯಲು 1855ರಲ್ಲಿ ಚಾರ್ಲ್ಸ್ ಡಾರ್ವಿನ್ ಹಲವು ಜಾತಿಯ ಬೀಜಗಳನ್ನು ಉಪ್ಪುನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟ. ಅವುಗಳಲ್ಲಿ ಅಳವಿಯೂ ಇತ್ತು. ಅದರ ಲೋಳೆಯನ್ನು ಕಂಡು ಅವನೂ ಬೆರಗಾದ. ಆಮೇಲೆ ಅದು ಮೊಳೆತೂ ಮೊಳೆಯಿತು. ಒಣಸೀಮೆಯ ಬೀಜಕ್ಕೆ ಈ ಲೋಳೆ ಗಂಟುಕಟ್ಟಿದ ನೀರು. ಅದು ಬೀಜವನ್ನು ಮಣ್ಣಿಗೆ ಅಂಟಿಸಿ ಹಿಡಿಯುತ್ತದೆ. ಆದ್ದರಿಂದ ಮೇಲೆ ಮಣ್ಣು ಮುಚ್ಚುವುದೂ ಬೇಡ; ಎರಡು ದಿನ ಒದ್ದೆಯಾದ ಗೋಣಿತಟ್ಟು ಹೊದಿಸಿದರೆ ಸಾಕು.

ಎರಡನೆಯ ದಿನ ತಟ್ಟನ್ನು ಎತ್ತಿದರೆ ಬಿಳಿಯ ಬೇರುಗಳು. ಐದನೆಯ ದಿನ ಪರಾತದ ತುಂಬ ಹಸಿರು. ಅವ್ವ ಬಗ್ಗಿ ನೋಡಿ, “ಅಯ್ಯ, ಬಿಲ್ವಪತ್ರಿ!” ಎಂದಳು. ನಿಜ. ಸಾಸಿವೆಯ ಬೀಜದೆಲೆ ಹೃದಯದ ಆಕಾರದ್ದು. ಅಳವಿಯದು ಮಾತ್ರ ಮೂರಾಗಿ ಸೀಳಿದ್ದು. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ತ್ರಿಕೂಟೇಶ್ವರನ ಊರಿಗೆ ತಕ್ಕ ಬೆಳೆಯೇ ಸರಿ. ಅಂದಿನಿಂದ ನೀರುಣಿಸುವ ಅಧಿಕಾರ ನನ್ನ ಕೈಬಿಟ್ಟಿತು. ಅಕ್ಕಿ-ಬೇಳೆ ತೊಳೆದ ನೀರನ್ನು ಅವಳು ಮುಂಜಾನೆ ಸಂಜೆ ಅಳೆದು ಚಿಮುಕಿಸುವಳು. ಬಚ್ಚಲ ನೀರನ್ನು ಹತ್ತಿರ ಸುಳಿಯಗೊಡಲಿಲ್ಲ. ಹಸಿಯಾಗಿ ತಿನ್ನುವ ಪಲ್ಯಕ್ಕೆ ಅದು ಸಲ್ಲದೆಂದು ಅವಳ ಕಾನೂನು.

12ನೆಯ ದಿನ ನಾಲ್ಕು ಬೆರಳೆತ್ತರದ ಪಲ್ಯವನ್ನು ಕತ್ತರಿಯಿಂದ ಕತ್ತರಿಸಿ, ತೊಳೆದು, ರೊಟ್ಟಿಯ ಮಗ್ಗುಲಲ್ಲಿ ಇಟ್ಟೆವು. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದಳು. ಈ ಎಲೆಯ ಖಾರ ಎಲೆಯಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ. ಬೇರೆಬೇರೆ ಗೂಡುಗಳಲ್ಲಿದ್ದ ಎರಡು ವಸ್ತುಗಳು ಹಲ್ಲಿಗೆ ಸಿಕ್ಕು ಬೆರೆತಾಗಲೇ ಅದು ಹುಟ್ಟುತ್ತದೆ, ಬೇಯಿಸಿದರೆ ಇಳಿದುಹೋಗುತ್ತದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಅವಳ ಮೂಗು ಅರಳಿತು, ಕಣ್ಣಲ್ಲಿ ನೀರು ಬಂತು. “ಕಟದೈತಿ!” ಎಂದು ಮತ್ತೊಂದು ಚಿಟಿಕೆಗೆ ಕೈ ಚಾಚಿದಳು. ಅಂದು ತಾಟಿನಲ್ಲಿ ರೊಟ್ಟಿ ಉಳಿಯಲಿಲ್ಲ. ಅಳವಿ ಅವಳನ್ನು ಗುಣಪಡಿಸಿತೆಂದು ನಾನು ಹೇಳಲಾರೆ. ಔಷಧಿಗಳೂ ನಡೆದಿದ್ದವು, ದಿನಗಳೂ ಕಳೆದಿದ್ದವು. ಆದರೆ ಊಟಕ್ಕೆ ಕೂಡ್ರಲು ಅವಳನ್ನು ಕರೆಯಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ರೊಟ್ಟಿಗೆ ಹಸಿ ಅಳವಿ ಹೊಸದೇನಲ್ಲ. ಪ್ರಾಚೀನ ಪರ್ಷಿಯದ ಹುಡುಗರು ಮನೆಯಿಂದ ಪಾಠಕ್ಕೆ ಬರುವಾಗ ರೊಟ್ಟಿ, ನಂಚಿಕೊಳ್ಳಲು ಅಳವಿಯ ಜಾತಿಯ ಎಲೆ, ಹೊಳೆಯ ನೀರು ತುಂಬಿಕೊಳ್ಳಲು ಒಂದು ಬಟ್ಟಲು ತರುತ್ತಿದ್ದರೆಂದು ಗ್ರೀಕ್ ಲೇಖಕ ಕ್ಸೆನೊಫನ್ ಬರೆದಿದ್ದಾನೆ. ಅದನ್ನು ಅವ್ವನಿಗೆ ಹೇಳಿದೆ. “ನಮ್ಮಂಥಾ ಮಂದೀನ ಇದ್ದಾರು” ಎಂದಳು.

ಈಗ ಪರಾತಗಳು ಮೂರಾಗಿವೆ. ನಾಲ್ಕು ದಿನಕ್ಕೊಂದರಂತೆ ಬಿತ್ತಿದರೆ ಕೊಯ್ಲು ತಪ್ಪುವುದಿಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಇದರ ಸುಗ್ಗಿ. ಬಿಸಿಲು ಬಲಿತರೆ ಗಿಡ ಅವಸರದಿಂದ ಹೂಬಿಟ್ಟು ಎಲೆ ಕಹಿಯಾಗುತ್ತದೆ. ಎರಿಹೊಲದ ಬಿಳಿಜೋಳ, ಕಡಲೆಗಳು ಮಣ್ಣಿನ ತೇವವನ್ನೂ ಇಬ್ಬನಿಯನ್ನೂ ನಂಬಿ ನಿಲ್ಲುವ ಕಾಲವೂ ಅದೇ. ಮಾಗಡಿಯ ಕೆರೆಗೆ ಹಿಮಾಲಯದಾಚೆಯ ಪಟ್ಟೆತಲೆಯ ಬಾತುಗಳು ಬಂದಿಳಿದು ನಮ್ಮ ಹೊಲಗಳಲ್ಲಿ ಮೇಯುವ ಕಾಲವೂ ಅದೇ.

ಕಳೆದ ಎಳ್ಳಮವಾಸ್ಯೆಗೆ ಹಳ್ಳಿಯ ಹೊಲಕ್ಕೆ ಹೋಗಲು ಅವ್ವನ ಮೊಳಕಾಲು ಒಪ್ಪಲಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೋದ ಹೊತ್ತಿಗೆ ಅವಳು ಮಾಳಿಗೆಯ ಮೇಲೆ ಪರಾತದ ಮುಂದೆ ಕುಳಿತಿದ್ದಳು. ನಾನು ಕಾಲೇಜಿನಿಂದ ಬಂದಾಗ ಪರಾತದ ನಾಲ್ಕು ದಿಕ್ಕಿಗೂ ಕಡುಬಿನ ಚೂರು, ಪುಂಡಿಪಲ್ಯ, ಅನ್ನದ ಅಗುಳು ಬಿದ್ದಿದ್ದವು, ಮೇಲಿಷ್ಟು ಕುಂಕುಮ. ಇರುವೆಗಳು ಆಗಲೇ ಸಾಲುಹಿಡಿದಿದ್ದವು. ನಾನು ನಗಬಹುದೆಂದು ಅವಳಿಗೆ ಅನಿಸಿರಬೇಕು. “ಬೆಳಿ ಅಂದಮ್ಯಾಲ ಭೂಮಿತಾಯಿಗೆ ಉಣಸಬೇಕಲ್ಲ” ಎಂದು ಹೇಳಿ, ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಪರಾತಕ್ಕೆ ಚಿಮುಕಿಸಿದಳು.