ನಿಮಿಷಕ್ಕ ಎಷ್ಟು ಪದ, ಅಕ್ಕೋರ?

ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ಕಡೆ ಹೊರಟರೆ ಅಡವಿ ದಟ್ಟವಾದಂತೆ ಮಾತೂ ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಕೊಂಕಣಿ, ಅಂಗಡಿ ಕಟ್ಟೆಯ ಮೇಲೆ ಮರಾಠಿ, ಬಸ್ಸು ಬಂದರೆ ಕಂಡಕ್ಟರ್ ಜೊತೆ ಕನ್ನಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ಇಯತ್ತೆವರೆಗೆ ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆಯಲ್ಲಿ ಕಲಿಸಿರಿ ಎನ್ನುತ್ತದೆ. ನಾಲ್ಕನ್ನೂ ಓರೆಗೆರೆ ಹಾಕಿ ಒಂದೇ ಸಾಲಿನಲ್ಲಿ ಕೂಡಿಸಿದ್ದಾರೆ. ದಿಲ್ಲಿಯವರಿಗೆ ನಾಲ್ಕೂ ಒಂದೇ ಇರಬಹುದು; ಕಣಕುಂಬಿಯ ಮಗುವಿಗೆ ಅವು ಮೂರು ಬೇರೆ ಭಾಷೆ.

ಮರುವರ್ಷ ಬಂದ ನಿಪುಣ್ ಭಾರತ್ ಯೋಜನೆಯ ಗುರಿ: 2026-27ರೊಳಗೆ ಮೂರನೇ ಇಯತ್ತೆಯ ಪ್ರತಿ ಮಗುವೂ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು. (ನಮ್ಮೂರಲ್ಲಿ ಈಗ ಅರವತ್ತರದೇ ಕಾರುಬಾರು. ಅಂಗಡಿ ಬೋರ್ಡಿನಲ್ಲೂ ಶೇ. 60 ಕನ್ನಡ!) ಗುರಿಯ ಬಗ್ಗೆ ತಕರಾರಿಲ್ಲ. ಓದಲು ಬಾರದೆ ಮುಂದಿನ ತರಗತಿಗೆ ದಾಟುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ತಕರಾರು ಅಳತೆಯದು.

‘ಮನೆಯಲ್ಲಿದ್ದವರಿಗೆಲ್ಲ’ ಕನ್ನಡದಲ್ಲಿ ಒಂದು ಪದ. ಮರಾಠಿಯವರು ಅದನ್ನೇ ‘ಘರಾತ್ ಅಸಲೇಲ್ಯಾ ಸಗಳ್ಯಾಂನಾ’ ಎಂದು ಮೂರು ಮಾಡುತ್ತಾರೆ. ಬೆಳಗಾವಿ ಶಹಾಪುರದ ಒಂದೇ ಓಣಿಯಿಂದ ಒಬ್ಬಳು ಕನ್ನಡ ಸಾಲಿಗೆ, ಇನ್ನೊಬ್ಬಳು ಮರಾಠಿ ಸಾಲಿಗೆ ಹೋದರೆ ಗಡಿಯಾರ ಒಂದೇ, ಹೊರೆ ಬೇರೆ. ಎನ್‌ಸಿಇಆರ್‌ಟಿ 2022ರಲ್ಲಿ 20 ಭಾಷೆಗಳಲ್ಲಿ ಅಧ್ಯಯನ ನಡೆಸಿ ಭಾಷೆಗೊಂದು ಮಟ್ಟ ಗೊತ್ತುಮಾಡಿದ್ದು ನಿಜ. ಆ ಮಟ್ಟವೂ ಓದುವ ಭಾಷೆಗೆ, ಮಗು ಆಡುವ ಭಾಷೆಗಲ್ಲ.

ಮರಾಠಿ ಮನೆಯ ಮಗು ಕನ್ನಡ ಸಾಲಿಗೆ ಬಂದಾಗ ಮೊದಲು ಎಡವುವುದು ಎ-ಏ, ಒ-ಓಗಳಲ್ಲಿ. ಆ ಹ್ರಸ್ವ-ದೀರ್ಘ ಭೇದ ಮರಾಠಿಯಲ್ಲಿಲ್ಲ. ಆಮೇಲೆ ಒತ್ತಕ್ಷರ. ಕಾಗುಣಿತ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಗೂ ಮುಗಿಯುವುದಿಲ್ಲವೆಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದರು. ಇಷ್ಟಾಗಿ ಅಕ್ಷರ ಹಿಡಿತಕ್ಕೆ ಬಂದರೆ ಇನ್ನೊಂದು ತೊಡಕು: ಕನ್ನಡ ಬರೆದಂತೆ ಓದುವ ಲಿಪಿ. ಒಂದಕ್ಷರವೂ ಅರ್ಥವಾಗದೆ ಹುಡುಗ ಗಡಗಡ ಓದಿ 60 ಮುಟ್ಟಬಲ್ಲ. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ, ತಿಳಿದ ಮಗುವೂ ಮೌನ, ತಿಳಿಯದ್ದೂ ಮೌನ. ಅದೇ ಅಕ್ಕೋರು “ಸಾಂಗ್ ಬಾಳಾ, ಕಾಯ್ ಝಾಲಂ?” (ಹೇಳು ಮಗು, ಏನಾಯ್ತು?) ಎಂದು ಮರಾಠಿಯಲ್ಲಿ ಕೇಳಿದರೆ, ತಿಳಿದ ಮಗು ಕತೆ ಪೂರ್ತಿ ಹೇಳುತ್ತದೆ, ತಿಳಿಯದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಇವೆರಡನ್ನೂ ಬೇರೆ ಮಾಡಿ ತೋರಿಸುವುದೇ ಪರೀಕ್ಷೆಯ ಕೆಲಸ. ಗಡಿಯಾರಕ್ಕೆ ಅದು ಆಗದು.

ಕನ್ನಡ ಸಾಲಿಯಲ್ಲಿ ಮರಾಠಿ ಉತ್ತರವೇ ಎಂದು ಹುಬ್ಬೇರಿಸುವವರಿದ್ದಾರೆ. ಓದಿದ್ದು ಕನ್ನಡವನ್ನೇ ಅಲ್ಲವೇ?

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೇಳಿಕೆ ಸಣ್ಣದು. ಗಡಿ ತಾಲೂಕುಗಳ ಮೌಲ್ಯಮಾಪನ ಹಾಳೆಯಲ್ಲಿ ವೇಗದ ಕಲಮಿಗಿಂತ ಮುಂಚೆ ಮಗುವಿನ ಮನೆಮಾತಿನ ಕಲಮು ಹಾಕಿರಿ. ಅರ್ಥವನ್ನು ಮಗು ಯಾವ ಭಾಷೆಯಲ್ಲಿ ಹೇಳಿದರೂ ಅಂಕ ಕೊಡಿರಿ.